ಅತ್ತಿಗೆಯ ಎದೆಯೊಳಗಿನ ಸಿಳ್ಳೆ

ಅತ್ತಿಗೆಗೆ ಕ್ಷಯ ಇರಬಹುದೆಂದು ಶಿರಸಿಯ ಡಾಕ್ಟರು ಹೇಳಿದ ದಿನ ಸಿದ್ದಾಪುರದ ನಮ್ಮ ಮನೆಯಲ್ಲಿ ಮೊದಲು ಬೇರೆಯಾದದ್ದು ಒಂದು ಲೋಟ. ಆಮೇಲೆ ಬಟ್ಟಲು, ಚಾಪೆ, ಕೋಣೆ. ಕೊನೆಗೆ ಮಗು.

ಮಗು ಎಂದರೆ ಅಣ್ಣನ ಮಗಳು. ಆಗಷ್ಟೇ ಮಾತು ಕೂಡಿಸಲು ಕಲಿತು, ಕಂಡವರನ್ನೆಲ್ಲ ಪ್ರಶ್ನೆ ಕೇಳುವ ವಯಸ್ಸು. ಅವಳನ್ನು ಯಲ್ಲಾಪುರಕ್ಕೆ, ಅತ್ತಿಗೆಯ ತವರಿಗೆ, ಕಳಿಸಿದರು. ಬಸ್ಸಿನಲ್ಲಿ ಕರೆದೊಯ್ದು ಬಿಟ್ಟುಬಂದವನು ನಾನು. ದಾರಿಯುದ್ದಕ್ಕೂ ಕಂಡಕ್ಟರನ ದನಿ, ಎಮ್ಮೆಯ ದನಿ, ಸ್ಟಾರ್ಟ್ ಆಗದ ಜೀಪಿನ ದನಿ ಎಲ್ಲ ತೆಗೆದು ಅವಳನ್ನು ನಗಿಸಿದೆ. ಇಳಿಯುವಾಗ ಅವಳು ಕೇಳಿದ್ದು ಒಂದೇ, "ಅಮ್ಮ ಯಾವ ಬಸ್ಸಿಗೆ ಬತ್ತು?" ನನ್ನ ಗಂಟಲಿನಲ್ಲಿ ಅಷ್ಟೊಂದು ಜನ ವಾಸವಾಗಿದ್ದರೂ ಉತ್ತರ ಹೇಳಲು ಒಬ್ಬನೂ ಮುಂದೆ ಬರಲಿಲ್ಲ.

ನನ್ನ ಯೋಗ್ಯತೆಯನ್ನು ಈಗಲೇ ಹೇಳಿಬಿಡುತ್ತೇನೆ. ಅಪ್ಪಯ್ಯನದು ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅಣ್ಣ ಅದರ ವೈರು ನೋಡಿಕೊಳ್ಳುತ್ತಿದ್ದ, ನಾನು ಅದರ ಬಾಯಿ. ಜೀಪಿನ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಊರೂರು ತಿರುಗಿ ನಾಟಕ, ಸಭೆ, ಕಣ್ಣಿನ ತಪಾಸಣೆ ಎಲ್ಲವನ್ನೂ ಸಾರುತ್ತಿದ್ದೆ. ಪಿಯುಸಿಯಲ್ಲಿ ಇಂಗ್ಲಿಷು ನನ್ನನ್ನು ಎರಡು ಸಲ ಕೆಡವಿತ್ತು. ಇಂಗ್ಲಿಷ್ ಮೇಷ್ಟ್ರ ದನಿಯಲ್ಲಿ ಮಾತ್ರ ನಾನು ಫಸ್ಟ್ ಕ್ಲಾಸು. ಊರಿನಲ್ಲಿ ನಾನು ಅಣಕಿಸದವರು ಯಾರೂ ಇರಲಿಲ್ಲ. ಬೇರೆ ಯಾರೂ ಸಿಗದ ದಿನ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಅದು ತೀರ ಸುಲಭ, ಸ್ವಲ್ಪ ಮೂಗು, ಸ್ವಲ್ಪ ಜಂಬ.

ಅತ್ತಿಗೆಗೆ ಉಬ್ಬಸ ಹುಡುಗಿಯಾಗಿದ್ದಾಗಿನಿಂದಲೂ ಇತ್ತು. ಮದುವೆಯ ನಂತರ ಹೆಚ್ಚೂಕಡಿಮೆ ನಿಂತೇಹೋಗಿತ್ತು. ಮಗು ಹುಟ್ಟಿದ ಮೇಲಿನ ಒಂದು ಮಳೆಗಾಲದಲ್ಲಿ ಜ್ವರ, ಕೆಮ್ಮು, ತೂಕ ಇಳಿಯುವುದು ಶುರುವಾಯಿತು. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಒಂದು ಬಿಳಿ ಮಚ್ಚೆ. ತೊಂಬತ್ತರ ದಶಕದ ಕೊನೆಯಲ್ಲಿ ಜ್ವರ, ಕೆಮ್ಮು, ಮಚ್ಚೆ ಮೂರೂ ಕೂಡಿದರೆ ಡಾಕ್ಟರು ಇನ್ನೇನು ಹೇಳಿಯಾರು? ಕಫದಲ್ಲಿ ಏನೂ ಸಿಗಲಿಲ್ಲ. ಆದರೂ ಕಾಯುವುದು ಬೇಡವೆಂದು ಮಾತ್ರೆ ಶುರುವಾಯಿತು.

"ಅಪ್ಪಿ, ಈ ಮಾತ್ರೆ ನುಂಗಿದ್ರೆ ಬಚ್ಚಲಿಗೆ ಹೋಪಲೆ ನಾಚ್ಕೆ ಆಗ್ತು. ಕಿತ್ತಳೆ ಶರಬತ್ತಿನ ಬಣ್ಣ!" ಎಂದಳು ಅತ್ತಿಗೆ ಬಾಗಿಲ ಆಚೆಯಿಂದ.

"ಐಸ್ ಹಾಕಿ ಕೊಡ್ಲನೇ ಅತ್ತಿಗೆ?" ಎಂದೆ ನಾನು.

ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಆಯಿ, ಅಂದರೆ ನಮ್ಮ ಅಮ್ಮ, ಬಂದು ನನ್ನನ್ನು ಅಲ್ಲಿಂದ ಓಡಿಸಿದಳು.

ಅತ್ತಿಗೆಯನ್ನು ಇಟ್ಟಿದ್ದ ಕೋಣೆ ಬಚ್ಚಲಿಗೆ ಅಂಟಿಕೊಂಡದ್ದು. ನಮ್ಮ ಕಡೆ ಸ್ನಾನದ ಹಂಡೆಗೆ ಉರಿ ಹಾಕುವುದು ಅಡಿಕೆ ಸಿಪ್ಪೆಯಿಂದ. ಪೇಟೆಯವರಾದ ನಮಗೆ ತೋಟವಿರಲಿಲ್ಲ, ಹಾಗಾಗಿ ಸಿಪ್ಪೆಯನ್ನು ಚೀಲಗಟ್ಟಲೆ ತರಿಸಿ ಅದೇ ಕೋಣೆಯ ಗೋಡೆಗುಂಟ ಪೇರಿಸುತ್ತಿದ್ದೆವು. ಆಯಿ ಆ ಚೀಲಗಳನ್ನು ಒಂದು ಬದಿಗೆ ಒತ್ತರಿಸಿ, ನೆಲ ಸಾರಿಸಿ, ಹೊಸ ಚಾಪೆ ಹಾಸಿ, ತನ್ನ ಮದುವೆಯ ಕಂಬಳಿಯನ್ನೇ ಹೊದೆಯಲು ಕೊಟ್ಟಿದ್ದಳು. ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಇರಲಿಲ್ಲ. ಎದೆಯ ರೋಗಕ್ಕೆ ಕಾವು ಒಳ್ಳೆಯದೆಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಉಳಿದವರಿಗೆ ಹತ್ತದ ಹಾಗೆ ದೂರವೂ ಆಯಿತು, ರೋಗಿಗೆ ಬೆಚ್ಚಗೂ ಆಯಿತು. ನಮ್ಮ ಬುದ್ಧಿವಂತಿಕೆಯನ್ನು ನಾವೇ ಮೆಚ್ಚಿಕೊಂಡಿದ್ದೆವು.

ಮಳೆಗಾಲ ಮುಗಿಯಿತು. ಅತ್ತಿಗೆಯ ಉಸಿರು ಮಾತ್ರ ದಿನದಿನಕ್ಕೆ ಸಣ್ಣದಾಗುತ್ತ ಬಂತು. ಮಲಗಲು ಆಗದೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಭುಜ ಎರಡೂ ಕಿವಿಯ ಹತ್ತಿರ ಏರಿರುತ್ತಿದ್ದವು. ಒಂದು ವಾಕ್ಯ ಮುಗಿಸಲು ನಡುವೆ ಮೂರು ಕಡೆ ನಿಲ್ಲುತ್ತಿದ್ದಳು. ಕೇಳುತ್ತಿದ್ದದ್ದು ಮಾತ್ರ ಒಂದೇ, "ಕೂಸು... ಎಂತ ಮಾಡ್ತಾ... ಇದ್ದಡ?" ಶಿರಸಿಯ ಡಾಕ್ಟರಿಗೂ ಇದು ಸರಿ ಕಾಣಲಿಲ್ಲ. ಹುಬ್ಬಳ್ಳಿಯ ಎದೆ ತಜ್ಞರೊಬ್ಬರಿಗೆ ಚೀಟಿ ಬರೆದುಕೊಟ್ಟು, ತಡಮಾಡಬೇಡಿ ಎಂದರು.

ಹುಬ್ಬಳ್ಳಿಗೆ ನಾವು ಮೂವರು ಹೋದೆವು. ವಿಚಿತ್ರವೆಂದರೆ, ಹಿಂದಿನ ದಿನವೇ ಹೊರಟು ಪರಿಚಯದವರ ಮನೆಯಲ್ಲಿ ಮಲಗಿ ಎದ್ದ ಅತ್ತಿಗೆ ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತಿದಳು. ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ಅಣ್ಣನ ಕಡೆ ತಿರುಗಿದರು.

"ಈಗ ಭಾಳ ಏನೂ ಕೇಳಸವಲ್ದು. ಮನ್ಯಾಗ ತ್ರಾಸ ಆದಾಗ ಉಸರು ಹೆಂಗ ಬರ್ತದ್ರಿ?"

ಅಣ್ಣ ಕೈ ಮೇಲೆ ಮಾಡಿದ, ಕೆಳಗೆ ಮಾಡಿದ. "ಹಿಂಗೆ... ಒಂಥರಾ... ಜೋರು" ಎಂದ. ವೈರು ಜೋಡಿಸುವವನ ಬಾಯಿಂದ ಇನ್ನೆಷ್ಟು ಬಂದೀತು?

"ನಾನು ಮಾಡಿ ತೋರಿಸ್ಲಾ ಸರ್?" ಎಂದೆ.

ಅಣ್ಣ ನನ್ನ ಕಾಲು ತುಳಿದ. ತುಳಿಯಲಿ ಬಿಡಿ. ತಿಂಗಳುಗಟ್ಟಲೆ ಗೋಡೆಯಾಚೆ ಮಲಗಿ ಕೇಳಿದ್ದೆ. ಭುಜ ಏರಿಸಿ, ಕತ್ತು ಮುಂದೆ ಚಾಚಿ, ಮೊದಲು ಗಬಕ್ಕನೆ ಉಸಿರು ಎಳೆದುಕೊಂಡೆ. ಆಮೇಲೆ ಮುಚ್ಚಿದ ಬಾಗಿಲ ಸಂದಿನಲ್ಲಿ ಗಾಳಿ ನುಸುಳಿದಂತೆ ಉದ್ದಕ್ಕೆ ಸಿಳ್ಳೆ ಬಿಡುತ್ತ ಹೊರಹಾಕಿದೆ. ಡಾಕ್ಟರು ಕಣ್ಣು ಮುಚ್ಚಿದರು.

"ಇನ್ನೊಮ್ಮೆ ಮಾಡ್ರಿ."

ಮಾಡಿದೆ.

"ಹೊರಗ ಬಿಡೋವಾಗ ಸಿಳ್ಳಿ. ಒಳಗ ಎಳಕೊಳ್ಳೋವಾಗ ಇಲ್ಲ. ಖರೇನ?"

"ಖರೇ ಸರ್. ಕೊನೆಗೆ ಎರಡು ಮೂರು ಸ್ವರ ಒಟ್ಟಿಗೆ ಬರ್ತು, ಹಾರ್ಮೋನಿಯಂ ಮೇಲೆ ಬೆಕ್ಕು ನಡೆದಂಗೆ."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ನಗ್ಸಡ ಮಾರಾಯ, ದಮ್ಮಯ್ಯ" ಎನ್ನುತ್ತಲೇ ನಕ್ಕಳು, ಎಂದಿನಂತೆ ಅದು ಕೆಮ್ಮಾಯಿತು. ಈ ಸಲದ ಕೆಮ್ಮು ಎಲ್ಲಿಂದಲೋ ಬೇರಿನಿಂದ ಕಿತ್ತುಕೊಂಡು ಬಂದಂತಿತ್ತು. ಬಾಯಿಗೆ ಒತ್ತಿದ್ದ ಕರವಸ್ತ್ರದಲ್ಲಿ ಏನೋ ಬಿತ್ತು. ಅವಳು ಅದನ್ನು ಮಡಚಿ ಬಚ್ಚಿಡಲು ನೋಡಿದಳು. ಡಾಕ್ಟರು ಕೈ ಚಾಚಿದರು.

"ತರ್ರಿ ಇಲ್ಲೆ. ನಾಚಿಕಿ ಬ್ಯಾಡ."

ಕರವಸ್ತ್ರದಲ್ಲಿ ಹುಣಸೆ ನಾರಿನ ತುಂಡಿನಂಥ ಕಂದು ಬಣ್ಣದ ಕಫದ ಗಟ್ಟಿ ಇತ್ತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಳೆಯ ಎಕ್ಸ್‌ರೇಯನ್ನು ಗಾಜಿನ ಮುಂದೆ ಸಿಕ್ಕಿಸಿ, ಅವತ್ತೇ ತೆಗೆಸಿದ ಹೊಸದನ್ನು ಪಕ್ಕದಲ್ಲಿಟ್ಟರು. ಮೊದಲಿನದರಲ್ಲಿ ಬಲಗಡೆ ಮೇಲೆ ಇದ್ದ ಮಚ್ಚೆ ಈಗ ಇರಲಿಲ್ಲ. ಎಡಗಡೆ, ಕೆಳಗೆ, ಬೇರೊಂದು ಕೂತಿತ್ತು.

"ಟಿಬಿ ಹಿಂಗ ಬಾಡಿಗಿ ಮನಿ ಬದಲ ಮಾಡಿದಂಗ ತಿರಗಂಗಿಲ್ಲ," ಎಂದರು.

ಕುರ್ಚಿಯನ್ನು ಮುಂದೆ ಎಳೆದುಕೊಂಡು ಅವರು ಹೇಳಿದ್ದನ್ನು ಈಗಲೂ ಅವರದೇ ದನಿಯಲ್ಲಿ ಒಪ್ಪಿಸಬಲ್ಲೆ. "ಗಾಳ್ಯಾಗ ಬೂಷ್ಟಿನ ಪುಡಿ ಎಲ್ಲಾ ಕಡೆ ಇರ್ತದ. ನಾವು ನೀವು ಉಸರಾಡಿ ಬಿಡ್ತೇವಿ. ಉಬ್ಬಸ ಇದ್ದ ಕೆಲವು ಮಂದಿಗೆ ಅದು ಎದ್ಯಾಗ ಕೂತು ಬೆಳೀತದ. ಬೆಳದದ್ದಕ್ಕಿಂತ ಹೆಚ್ಚು ತ್ರಾಸ ಕೊಡೋದು ಮೈಯ ಸಿಟ್ಟು. ಆ ಸಿಟ್ಟು ಎಷ್ಟೈತಿ ಅಂತ ಅಳಿಯಾಕ ರಕ್ತದಾಗ ಒಂದು ಪ್ರೋಟೀನ್ ಐತಿ, ಐಜಿಇ ಅಂತ. ಎಲ್ಲಾರಿಗೂ ಚೂರು ಇರ್ತದ. ಬರೇ ಉಬ್ಬಸ ಇದ್ರ ಸ್ವಲ್ಪ ಏರ್ತದ. ಈ ಬೂಷ್ಟಿನ ರೋಗ ಇದ್ರ ಮುಗಿಲಿಗೆ ಹೋಗ್ತದ."

ಮುಂಗೈ ಮೇಲೆ ಬೂಷ್ಟಿನ ಸತ್ವದ ಒಂದು ಹನಿ ಇಟ್ಟು ಸೂಜಿಯಿಂದ ಚುಚ್ಚಿದರು. ನಾವು ಚಹಾ ಕುಡಿದು ಬರುವಷ್ಟರಲ್ಲಿ ಕಟ್ಟಿರುವೆ ಕಚ್ಚಿದಂತೆ ಊದಿತ್ತು. ಅಣ್ಣ ಆಗಲೇ ಎದ್ದು ನಿಂತ. "ಹಂಗಾರೆ ಟಿಬಿ ಅಲ್ದಾ ಸರ್?"

"ಕೂಡ್ರಿ. ಬರೇ ಉಬ್ಬಸ ಇದ್ದವರಿಗೂ ಇದು ಊದತದ. ರಕ್ತ ಮುಂಬೈಗೆ ಹೋಗಿ ಬರಬೇಕು, ಕಫದ ಪರೀಕ್ಷಾನೂ ಇನ್ನೊಮ್ಮೆ ಆಗಬೇಕು. ಬೂಷ್ಟಿನ ರೋಗಕ್ಕ ಸ್ಟಿರಾಯ್ಡ್ ಕೊಡಬೇಕು. ಆದ್ರ ಒಳಗ ಟಿಬಿನೂ ಇದ್ದು, ನಾ ಅದನ್ನ ಕೊಟ್ಟೆ ಅಂದ್ರ ಉರಿಯೋ ಬಣವಿಗೆ ಎಣ್ಣಿ ಹಾಕಿದಂಗ. ಆತುರ ಮಾಡಿದ್ರೂ ಹೋಗ್ತಾರ, ತಡ ಮಾಡಿದ್ರೂ ಹೋಗ್ತಾರ. ರಿಪೋರ್ಟ್ ಬರೂತನಕ ಬಾಯಾಗ ಹೊಡಕೊಳ್ಳೋ ಈ ಪಂಪು ತಗೊಳ್ಳಿ." ಏಳುವ ಮೊದಲು ಕೇಳಿದರು, "ಮನ್ಯಾಗ ಬೂಷ್ಟು ಎಲ್ಲರೆ ಐತೇನ್ರಿ?"

ಅಣ್ಣನಿಗೆ ಅವಮಾನವಾದಂತಾಯಿತು. "ಛೇ, ಇಲ್ಲ ಸರ್. ಅಮ್ಮ ಉಪ್ಪಿನಕಾಯಿ ಭರಣಿಯನ್ನೂ ದಿನಾ ಒರೆಸ್ತು."

ನಾನೂ ತಲೆ ಆಡಿಸಿದೆ. ಬೂಷ್ಟೆಂದರೆ ನಮಗೆ ಉಪ್ಪಿನಕಾಯಿಯ ಮೇಲೆ, ರೊಟ್ಟಿಯ ಮೇಲೆ, ಹೆಚ್ಚೆಂದರೆ ಚಪ್ಪಲಿಯ ಮೇಲೆ ಬರುವುದು. ಸಿಪ್ಪೆಯನ್ನು ನಾವು ಮನೆಯ ಸಾಮಾನೆಂದೇ ಎಣಿಸಿರಲಿಲ್ಲ. ಅದು ಉರುವಲು.

ಬರುವ ದಾರಿಯಲ್ಲಿ ಯಲ್ಲಾಪುರದಲ್ಲಿ ಇಳಿದೆವು. ಅತ್ತಿಗೆ ತವರಿನ ಗೇಟು ದಾಟಲಿಲ್ಲ. ಟಿಬಿ ಅಲ್ಲವೆಂದು ಯಾರೂ ಹೇಳಿರಲಿಲ್ಲವಲ್ಲ. ರಸ್ತೆಯ ಈ ಬದಿಯಲ್ಲಿ ಲೈಟು ಕಂಬದ ಹತ್ತಿರ ನಿಂತಳು. ಮಗು ಅಂಗಳದಲ್ಲಿ ಬಕೆಟ್ಟಿನ ನೀರನ್ನು ಲೋಟದಿಂದ ಮೊಗೆದು ಮತ್ತೊಂದು ಬಕೆಟ್ಟಿಗೆ ಹಾಕುತ್ತ ಭಾರಿ ಕೆಲಸದಲ್ಲಿತ್ತು. ತಲೆ ಎತ್ತಲಿಲ್ಲ. "ಕರಿಯಲನೇ?" ಎಂದೆ. "ಬ್ಯಾಡ. ಕರದ್ರೆ ಓಡಿ ಬತ್ತು. ಬಂದ್ರೆ ಆನು ಎತ್ತಿಕ್ಯಳ್ತೆ," ಎಂದಳು ಅತ್ತಿಗೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಷ್ಟೂ ಮಾತನ್ನು ಅವಳು ಉಸಿರಿಗಾಗಿ ಎಲ್ಲಿಯೂ ನಿಲ್ಲಿಸದೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅರ್ಥ ಮಾತ್ರ ತಲೆಗೆ ಹೋಗಲಿಲ್ಲ.

ಸಿದ್ದಾಪುರಕ್ಕೆ ಬಂದು ಅದೇ ಕೋಣೆ, ಅದೇ ಕಂಬಳಿ. ಊಟದ ಹೊತ್ತಿಗೆ ಗೋಡೆಯಾಚೆ ಸಿಳ್ಳೆ ಶುರುವಾಯಿತು.

ಮರುದಿನದಿಂದ ಅಣ್ಣನಿಗೆ ಎಸ್‌ಟಿಡಿ ಬೂತೇ ಮನೆಯಾಯಿತು. ಬೆಳಿಗ್ಗೆ ಹೋಗಿ ಫೋನ್ ಮಾಡುತ್ತಿದ್ದ, "ಬಂದಿಲ್ಲ" ಎಂದು ಕೇಳಿಸಿಕೊಂಡು ಬರುತ್ತಿದ್ದ. ಸಂಜೆ ಮತ್ತೆ ಅದೇ. ಅತ್ತಿಗೆ ನನ್ನನ್ನು ಬಾಗಿಲ ಹತ್ತಿರ ಕರೆದು, "ಹುಬ್ಳಿ ಡಾಕ್ಟ್ರ ಮಾತಾಡ್ಸು," ಎನ್ನುವಳು. ನಾನು ಗಂಟಲು ಕೆರೆದು, "ಏನ್ರೀ ತಂಗಿ, ಹೆಂಗದೀರಿ?" ಎಂದು ಶುರುಮಾಡುತ್ತಿದ್ದೆ.

"ಡಾಕ್ಟ್ರೇ, ರಿಪೋರ್ಟ್... ಎಂತ ಹೇಳ್ತು?"

ಯಾರ ದನಿಯಲ್ಲಾದರೂ ಏನನ್ನಾದರೂ ಹೇಳುವ ನಾನು ಅಲ್ಲಿ ಸಿಕ್ಕಿಬೀಳುತ್ತಿದ್ದೆ. ಡಾಕ್ಟರ ದನಿ ನನ್ನ ಹತ್ತಿರ ಇತ್ತು, ಅವರ ಉತ್ತರ ಇರಲಿಲ್ಲ. "ಕಾಯ್ರಿ" ಎಂದು ಹೇಳಿ ಎದ್ದುಬಿಡುತ್ತಿದ್ದೆ.

ಹಾಗೆಯೇ ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಅಣ್ಣ ಬೂತಿಗೆ ಹೋಗಿದ್ದ. ಆಯಿ ಹಂಡೆಗೆ ಉರಿ ಹಾಕಲು ಸಿಪ್ಪೆ ತೆಗೆಯಲು ಕೋಣೆಗೆ ಹೋದಳು. ಮೇಲಿನ ಚೀಲ ಖಾಲಿಯಾಗಿತ್ತೆಂದು ಅಡಿಯ ಚೀಲವನ್ನು ಎಳೆದು ಬುಟ್ಟಿಗೆ ಸುರಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಮಳೆಗಾಲದುದ್ದಕ್ಕೂ ಗೋಡೆಯ ತೇವ ಕುಡಿದಿದ್ದ ಚೀಲ ಅದು. ಸಿಪ್ಪೆಯ ಜೊತೆಗೆ ಬೂದಿ ಮಿಶ್ರ ಹಸಿರು ಬಣ್ಣದ ಹೊಗೆಯಂಥದ್ದು ಎದ್ದು ಬಲ್ಬಿನ ಬೆಳಕಿನಲ್ಲಿ ತೇಲಿತು. ಆಯಿ ಸೀನಿದಳು. ನಾನೂ ಸೀನಿದೆ. ಅತ್ತಿಗೆ ಸೀನಲಿಲ್ಲ. ಎರಡೂ ಕೈಯನ್ನು ನೆಲಕ್ಕೆ ಊರಿ ಬಾಯಿ ತೆರೆದಳು. ಸಿಳ್ಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸಿಳ್ಳೆಯೂ ಇಲ್ಲ.

ನನಗೆ ಹೆದರಿಕೆಯಾದದ್ದು ಆಗ. ಸಿಳ್ಳೆ ಇದ್ದರೆ ಗಾಳಿ ಓಡಾಡುತ್ತಿದೆ ಎಂದು ಅರ್ಥ. ಅದೂ ನಿಂತಿತೆಂದರೆ?

"ಆಯಿ, ಬೂಷ್ಟು! ಇದೇ ಬೂಷ್ಟು! ಅತ್ತಿಗೆನ ಹೊರಗೆ ತಗಬಾ!"

"ಎಂತ ಕೂಗ್ತ್ಯ? ಸಿಪ್ಪೆ ಅದು!"

"ಸಿಪ್ಪೆ ಮೇಲೆ ಎಂತ ಇದ್ದು ನೋಡು!"

ಪಂಪನ್ನು ಅತ್ತಿಗೆಯ ಬಾಯಿಗೆ ಹಿಡಿದೆ. ಎಳೆದುಕೊಳ್ಳಲು ಅವಳಲ್ಲಿ ಉಸಿರೇ ಇರಲಿಲ್ಲ. ಔಷಧ ತುಟಿಯ ಮೇಲೆ ಹೊಗೆಯಾಗಿ ಹೋಯಿತು. ಎತ್ತಿಕೊಂಡು ಅಂಗಳಕ್ಕೆ ಬಂದೆ. ಎಷ್ಟು ಹಗುರಾಗಿದ್ದಳೆಂದರೆ, ಅದೇ ಹೆಚ್ಚು ಹೆದರಿಸಿತು. ಮರುದಿನದ ಸಭೆಗೆಂದು ಎರಡು ಹಾರ್ನ್ ಕಟ್ಟಿ ನಿಲ್ಲಿಸಿದ್ದ ಜೀಪು ಎದುರಿಗೇ ಇತ್ತು. ಅಪ್ಪಯ್ಯ ಸ್ಟೇರಿಂಗ್ ಹಿಡಿದ. ಆಯಿ ಹಿಂದೆ ಕೂತು, ಇಷ್ಟು ದಿನ ಲೋಟವನ್ನೂ ಮುಟ್ಟದವಳು, ಅತ್ತಿಗೆಯ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಪೇಟೆಯಲ್ಲಿ ಎಮ್ಮೆಗಳು ಅಡ್ಡ ಬಂದವು. ನಾನು ಮೈಕ್ ಹಿಡಿದು, ಯಾರ ದನಿಯೋ ನೆನಪಿಲ್ಲ, "ದಾರಿ ಬಿಡಿ! ದಾರಿ ಬಿಡಿ!" ಎಂದು ಕೂಗಿದೆ. ಎಮ್ಮೆ ನಡೆಸುತ್ತಿದ್ದವನು, ಇದು ಯಾವ ನಾಟಕದ ಪ್ರಚಾರವೋ ಎಂದು ನಗುತ್ತ ನೋಡಿದನಂತೆ. ಅವನ ತಪ್ಪೇನಿದೆ? ನನ್ನ ಬಾಯಿಂದ ನಿಜ ಹೊರಟದ್ದನ್ನು ಊರು ಯಾವಾಗ ಕಂಡಿತ್ತು?

ಊರಿನ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು, ನರಕ್ಕೆ ಇಂಜೆಕ್ಷನ್ ಕೊಟ್ಟರು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಸಿಳ್ಳೆ ಮತ್ತೆ ಕೇಳಿಸಿತು. ಮೊದಲು ಎಳೆಯಷ್ಟು, ಆಮೇಲೆ ಜೋರಾಗಿ. ಆ ಕೆಟ್ಟ ಸಂಗೀತವನ್ನು ಕೇಳಿ ಖುಷಿಪಟ್ಟವರು ಭೂಮಿಯ ಮೇಲೆ ನಾವೇ ಇರಬೇಕು.

ಅತ್ತಿಗೆಯನ್ನು ಮತ್ತೆ ಆ ಕೋಣೆಗೆ ಕರೆದೊಯ್ಯಲು ನಾನು ಬಿಡಲಿಲ್ಲ. "ಬಸ್ಸಲ್ಲಿ ಸರಿ ಇತ್ತು. ಹುಬ್ಳಿಲಿ ಸರಿ ಇತ್ತು. ಯಲ್ಲಾಪುರದಲ್ಲಿ ನಿಲ್ಲಿಸದೆ ಮಾತಾಡ್ಚು. ಕೋಣೆಗೆ ಬಂದ್ರೆ ಮಾತ್ರ ಹಿಂಗಾಗ್ತು," ಎಂದೆ. ಜೀವನದಲ್ಲಿ ಮೊದಲ ಸಲ ಅಪ್ಪಯ್ಯ ನನ್ನ ಮಾತನ್ನು ಕೊನೆಯವರೆಗೂ ಕೇಳಿದ. ಅಂಗಡಿಯ ಅಟ್ಟವನ್ನು ಖಾಲಿ ಮಾಡಿ ಅಲ್ಲಿ ಹಾಸಿಗೆ ಹಾಕಿದೆವು. ಸುತ್ತ ಆಂಪ್ಲಿಫೈಯರ್, ಬಾಯಿ ತೆರೆದ ಹಾರ್ನ್‌ಗಳು. "ಸತ್ರೆ ಇಲ್ಲಿಂದ್ಲೇ ಸಾರು ಅಪ್ಪಿ, ಜೀಪಿನ ಡೀಸೆಲ್ ಉಳೀತು," ಎಂದಳು ಅತ್ತಿಗೆ. ಆಯಿ ಅವಳ ಬಾಯಿ ಮುಚ್ಚಿಸಿದಳು. ಆಮೇಲೆ ಮನೆಗೆ ಹೋಗಿ ಸಿಪ್ಪೆಯ ಚೀಲಗಳನ್ನೆಲ್ಲ ತಾನೇ ಎಳೆದು ಹಿತ್ತಲಿಗೆ ಹಾಕಿದಳು. ಯಾರಿಗೂ ಕೈ ಹಚ್ಚಲು ಬಿಡಲಿಲ್ಲ.

ರಿಪೋರ್ಟ್ ಬಂತು. ಅಣ್ಣ ಬೂತಿನಿಂದ ಓಡಿ ಬಂದು ಏದುಸಿರು ಬಿಡುತ್ತ ನಿಂತ. ಅವನಿಗೂ ಉಬ್ಬಸ ಬಂತೇನೋ ಎಂದುಕೊಂಡೆ. ಆ ಪ್ರೋಟೀನು ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಏರಿತ್ತು. ಬೂಷ್ಟಿನ ಮೇಲಿನ ಸಿಟ್ಟೇ ಎಂದು ತೋರಿಸುವ ಬೇರೆ ಪರೀಕ್ಷೆಯೂ ಹೌದೆಂದಿತ್ತು. ಕಫದಲ್ಲಿ ಟಿಬಿ ಈ ಸಲವೂ ಸಿಗಲಿಲ್ಲ. ಕಿತ್ತಳೆ ಬಣ್ಣದ ಮಾತ್ರೆ ನಿಂತಿತು, ಸ್ಟಿರಾಯ್ಡ್ ಶುರುವಾಯಿತು.

"ಪ್ರೋಟೀನ್ ಜಾಸ್ತಿ ಆಯ್ದಡ," ಎಂದು ಕೇಳಿದ್ದೇ ಆಯಿ ಅತ್ತಿಗೆಗೆ ತೊಗರಿಬೇಳೆ ನಿಲ್ಲಿಸಿ ಬರೀ ಗಂಜಿ ಕೊಡತೊಡಗಿದಳು. ಬೇಳೆಯಲ್ಲಿ ಪ್ರೋಟೀನ್ ಇದೆಯೆಂದು ಅಂಗನವಾಡಿಯ ಗೋಡೆಯ ಮೇಲೆ ಬರೆದದ್ದನ್ನು ಅವಳು ಓದಿದ್ದಳು. ಇದು ಬೇಳೆಯ ಪ್ರೋಟೀನಲ್ಲ, ಮೈಯೇ ಮಾಡಿಕೊಳ್ಳುವ ಪ್ರೋಟೀನ್ ಎಂದು ಹುಬ್ಬಳ್ಳಿಯ ದನಿಯಲ್ಲಿ ಹೇಳಿದ ಮೇಲೆಯೇ ಸಾರು ಮರಳಿ ಬಂತು. ನನ್ನ ದನಿಯಲ್ಲಿ ಹೇಳಿದಾಗ ನಂಬಿರಲಿಲ್ಲ.

ಉಸಿರು ತಿಳಿಯಾಗತೊಡಗಿತು. ಆದರೆ ಮಗುವನ್ನು ಕರೆತರುವ ಮಾತೆತ್ತಿದರೆ ಆಯಿ ಒಪ್ಪುತ್ತಿರಲಿಲ್ಲ. "ಒಂದ್ಸಲ ಟಿಬಿ ಹೇಳಿದ. ಈಗ ಅಲ್ಲ ಹೇಳ್ತ. ನಾಳೆ ಮತ್ತೆಂತ ಹೇಳ್ತ್ವೋ?" ಕೆಲವು ವಾರಗಳ ನಂತರ ಎರಡನೆಯ ಸಲ ರಕ್ತ ಮುಂಬೈಗೆ ಹೋಯಿತು. ಮದ್ದು ಹಿಡಿದಿದ್ದರೆ ಸಂಖ್ಯೆ ಇಳಿಯಬೇಕು. ಇಳಿಯದಿದ್ದರೆ ಹುಬ್ಬಳ್ಳಿಯ ಡಾಕ್ಟರೂ ಮೊದಲಿನಿಂದ ಯೋಚಿಸಬೇಕು. ಈ ಸಲ ಬೂತಿಗೆ ಆಯಿಯೇ ಹೋದಳು. ಫೋನನ್ನು ಕಿವಿಗೆ ತಿರುಗುಮುರುಗು ಹಿಡಿದು, ಅಣ್ಣ ಸರಿಮಾಡಿದ ಮೇಲೆ, "ಇಳದ್ದ? ಇಳದ್ದ?" ಎಂದು ಇಡೀ ಪೇಟೆಗೆ ಕೇಳುವಂತೆ ಕೂಗಿದಳು. ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

"ಕೂಸಿನ ಕರೆಸದು ಬ್ಯಾಡ, ಆನೇ ಹೋಗ್ತೆ," ಎಂದಳು ಅತ್ತಿಗೆ. ನಾನು ಜೊತೆಗೆ ಹೋದೆ.

ಸ್ಟಿರಾಯ್ಡಿನಿಂದ ಅವಳ ಮುಖ ಊದಿ ದುಂಡಗಾಗಿತ್ತು. ಕಣ್ಣುಗಳು ಸಣ್ಣವಾಗಿದ್ದವು. ದಿನವೂ ನೋಡುತ್ತಿದ್ದ ನಮಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಯಲ್ಲಾಪುರದ ಗೇಟು ತೆಗೆದು ಅವಳು ಒಳಗೆ ಹೋದಳು. ಅಂಗಳದಲ್ಲಿದ್ದ ಮಗು ಎದ್ದು ನಿಂತಿತು. ನೋಡಿತು. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ಅಜ್ಜಿಯ ಸೀರೆಯ ಹಿಂದೆ ಅಡಗಿತು.

"ಇದು ಯಾರು?"

ಅಜ್ಜಿ, "ಅಮ್ಮ ಅಲ್ದನೇ!" ಎಂದು ಮುಂದೆ ದೂಡಿದಳು. ಮಗು ಕಿರುಚಿತು. ನಾನು ನಡುವೆ ಹೋಗಿ ಎಮ್ಮೆಯ ದನಿ ತೆಗೆದೆ. ಮಗು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಅಂಥ ವಿಮರ್ಶೆಯನ್ನು ನಾನು ಯಾವ ಪ್ರೇಕ್ಷಕರಿಂದಲೂ ಪಡೆದಿಲ್ಲ.

"ನೀ ಸುಮ್ಮಂಗಿರು ಅಪ್ಪಿ," ಎಂದಳು ಅತ್ತಿಗೆ. "ದೂಡಡಿ ಅದನ್ನ." ಜಗುಲಿಯ ಕೆಳಗಿನ ಮೆಟ್ಟಿಲ ಮೇಲೆ, ಮಗುವಿನಿಂದ ಆದಷ್ಟು ದೂರದ ತುದಿಯಲ್ಲಿ, ಕೂತಳು. ಏನೂ ಕೇಳಲಿಲ್ಲ, ಕರೆಯಲಿಲ್ಲ. ಅಜ್ಜಿ ಚಹಾ ತಂದಳು, ಅದು ಆರಿತು. ಬಿಸಿಲು ಒಂದು ಮೆಟ್ಟಿಲು ಇಳಿಯಿತು. ಮಗು ಸೀರೆಯ ಹಿಂದಿನಿಂದ ಬಂದು ಮೇಲಿನ ಮೆಟ್ಟಿಲ ಇನ್ನೊಂದು ತುದಿಗೆ ಕೂತಿತು. ಆಮೇಲೆ ಕೆಳಗಿನದಕ್ಕೆ ಜಾರಿತು. ಆಮೇಲೆ ಇತ್ತ ಸ್ವಲ್ಪ.

"ನಿಂಗೆ ಕೆಮ್ಮು ಇದ್ದ?" ಎಂದು ಕೇಳಿತು, ತನಿಖೆ ಮಾಡುವವರ ದನಿಯಲ್ಲಿ.

"ಇಲ್ಲೆ."

ಮಗು ಕಿವಿಯನ್ನು ಅವಳ ಎದೆಗೆ ಇಟ್ಟಿತು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಅಲ್ಲಿ ಆರಾಮಾಗಿ ಉಸಿರಾಡುತ್ತಿದ್ದವಳು ಅತ್ತಿಗೆ ಒಬ್ಬಳೇ.